ಗೋವಿನಜೋಳ, ನುಸಿ ಮತ್ತು ತಳಿ: ಒಂದು ಹಿನ್ನೋಟ

ಗೋವಿನಜೋಳ ಮೂಲತಃ ಈ ನೆಲದ ಬೆಳೆಯಲ್ಲ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಅದರ ತವರು ದೂರದ ಮೆಕ್ಸಿಕೋ. ಪೋರ್ಚುಗೀಸರು ನಮ್ಮ ನೆರೆಯ ಗೋವೆಗೆ ಹಡಗು ಹಚ್ಚಿದ ಮೇಲೆ ಅದು ಭಾರತಕ್ಕೆ ಬಂದಿತೆಂಬುದು ಬಹುಮಂದಿಯ ಅಭಿಪ್ರಾಯ. ಮೈಸೂರು ಸೀಮೆಯವರು ಇದನ್ನು ಮುಸುಕಿನ ಜೋಳ ಎನ್ನುತ್ತಾರೆ. ಆ ‘ಮುಸುಕು’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದರ ಕೆಲಸವಿದೆ.

ಖಾನಾಪುರ ಮೊದಲಿನಿಂದಲೂ ಭತ್ತದ ನಾಡು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಈ ಮಳೆಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿದರೆ ಕಾಳಿಗಿಂತ ಮೊದಲು ನೀರೇ ತುಂಬುತ್ತದೆ. ಆದ್ದರಿಂದ ಹಗೇವು ಪೂರ್ವದ ಎರೆಸೀಮೆಗೆ ಉಳಿಯಿತು, ನಮ್ಮಲ್ಲಿ ಸೆಗಣಿ ಸಾರಿಸಿದ ಬಿದಿರಿನ ಕಣಜಗಳೇ ನಡೆದವು. ಹಗೇವಿನ ಗುಟ್ಟು ಸಣ್ಣದು. ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳೇ ಗಾಳಿಯನ್ನು ಕುಡಿದು ಮುಗಿಸುತ್ತದೆ, ಹುಳಕ್ಕೆ ಉಸಿರಿಲ್ಲದಂತಾಗುತ್ತದೆ. ಕಣಜಕ್ಕೆ ಆ ಅನುಕೂಲವಿಲ್ಲ. ಬೀಜಕ್ಕೆಂದು ಇಟ್ಟುಕೊಂಡ ನಾಲ್ಕು ಗೋವಿನಜೋಳದ ತೆನೆಗಳನ್ನು ಹಿಂದಿನ ಹೆಣ್ಣುಮಕ್ಕಳು ಸಿಪ್ಪೆಸಮೇತ ಒಲೆಯ ಮೇಲೆ ಹೊಗೆ ತಾಗುವಂತೆ ಗಳಕ್ಕೆ ಕಟ್ಟುತ್ತಿದ್ದರು. ಅಷ್ಟೇ ಬೆಳೆ, ಅಷ್ಟೇ ಜತನ.

ಕಾಲ ಬದಲಾದದ್ದು 1957ರಲ್ಲಿ. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಭಾರತ ಸರ್ಕಾರ ಮೆಕ್ಕೆಜೋಳಕ್ಕೆಂದು ಅಖಿಲ ಭಾರತ ಸಂಯೋಜಿತ ಯೋಜನೆಯನ್ನು ಆರಂಭಿಸಿತು. 1961ರಲ್ಲಿ ಗಂಗಾ-1, ಗಂಗಾ-101, ರಂಜಿತ್, ಡೆಕ್ಕನ್ ಎಂಬ ನಾಲ್ಕು ಸಂಕರಣ ತಳಿಗಳು ಹೊರಬಂದವು. ನಮ್ಮ ಜಿಲ್ಲೆಯಲ್ಲಿ ಗೋಕಾಕ ಬಳಿಯ ಅರಭಾವಿ ಸಂಶೋಧನಾ ಕೇಂದ್ರ ಈ ಬೆಳೆಯ ಕೆಲಸಕ್ಕೆ ಹೆಸರಾಯಿತು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದು ಅದರ ಆಡಳಿತಕ್ಕೆ ಬಂತು. ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗಳಿಗೆ ಬೇಡಿಕೆ ಬೆಳೆಯಿತು, ಬೆಳೆಯೂ ಹಬ್ಬಿತು.

ಆದರೆ ತಳಿ ಆರಿಸುವವರು ಬಹಳ ವರ್ಷ ಕೇಳಿದ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಕ್ವಿಂಟಲ್? ಮನೆಯೊಳಗೆ ಎಷ್ಟು ತಿಂಗಳು ನಿಂತೀತು ಎಂದು ಕೇಳಿದವರು ಕಡಿಮೆ. ಹಸಿದ ದೇಶದಲ್ಲಿ ಅದು ತಪ್ಪೆಂದು ನಾವು ಹೇಳುವುದಿಲ್ಲ. ಬೆಲೆಯನ್ನು ಮಾತ್ರ ರೈತ ತೆತ್ತಿದ್ದಾನೆ.

ಈಗ ಮುಸುಕಿನ ವಿಚಾರ. ನುಸಿ ಚೀಲದಲ್ಲಿ ಹುಟ್ಟುತ್ತದೆಂದು ನಮ್ಮವರು ತಿಳಿಯುತ್ತಾರೆ. ಹಾಗಲ್ಲ, ಅನೇಕ ಸಲ ಅದು ಹೊಲದಿಂದಲೇ ಬರುತ್ತದೆ. ಸೊಂಡಿಲಿರುವ ಈ ಕರಿಹುಳ ಹಳೆಯ ಕಾಳಿನ ಮನೆಯಿಂದ ಹಾರಿ ಒಣಗುತ್ತಿರುವ ತೆನೆಗೆ ಹೋಗುತ್ತದೆ. ಭತ್ತ, ಅಕ್ಕಿ ಕೂಡಿಟ್ಟ ನಮ್ಮ ಊರುಗಳಲ್ಲಿ ಅದಕ್ಕೆ ಬರವಿಲ್ಲ. ತೆನೆಯ ಸಿಪ್ಪೆ ಉದ್ದವಾಗಿ, ಬಿಗಿಯಾಗಿ ತುದಿ ಮುಚ್ಚಿದ್ದರೆ ಒಳಗೆ ಹೋಗಲು ದಾರಿಯಿಲ್ಲ. ತುದಿ ತೆರೆದಿದ್ದರೆ ಸಲೀಸು. ಹೆಣ್ಣುಹುಳ ಕಾಳಿಗೆ ತೂತು ಕೊರೆದು, ತತ್ತಿಯಿಟ್ಟು, ಮೇಲೆ ಅಂಟು ಬಳಿದು ಮುಚ್ಚುತ್ತದೆ. ಆದ್ದರಿಂದ ಆ ಕಾಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಸೆಕೆ, ತೇವ ಕೂಡಿದರೆ ಸುಮಾರು 5 ವಾರದಲ್ಲಿ ಒಳಗಿಂದ ಹೊಸ ಹುಳ ಹೊರಬೀಳುತ್ತದೆ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಪಾಠ ನಡೆದುಹೋಗಿದೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ‘ಓಪೇಕ್-2’ ಎಂಬ ಗುಣವಿರುವ ಮೆಕ್ಕೆಜೋಳದಲ್ಲಿ ಹೆಚ್ಚು ಲೈಸಿನ್ ಇದೆ, ಅಂದರೆ ಒಳ್ಳೆಯ ಪೌಷ್ಟಿಕಾಂಶವಿದೆ, ಎಂದು ಪ್ರಕಟಿಸಿದರು. ಜಗತ್ತೆಲ್ಲ ಸಂಭ್ರಮಿಸಿತು. ನಮ್ಮ ದೇಶದಲ್ಲಿಯೂ 1970ರ ದಶಕದ ಆರಂಭದಲ್ಲಿ ಶಕ್ತಿ, ರತನ್, ಪ್ರೋಟಿನಾ ಎಂಬ ತಳಿಗಳು ಬಂದವು. ಕಾಳು ಸುಣ್ಣದಂತೆ ಮೆತ್ತಗೆ! ಮಕ್ಕಳಿಗೆ ಹಿತವಾದದ್ದು ನುಸಿಗೂ ಹಿತವಾಯಿತು. ಇಳುವರಿ ಕಡಿಮೆ, ಕಣಜದಲ್ಲಿ ನಿಲ್ಲದು. ರೈತರು ಕೈಬಿಟ್ಟರು. ಮೆಕ್ಸಿಕೋದ ಅಂತರರಾಷ್ಟ್ರೀಯ ಕೇಂದ್ರದಲ್ಲಿ ನಮ್ಮ ದೇಶದವರೇ ಆದ ಸುರೀಂದರ್ ವಾಸಲ್ ಹಾಗೂ ಇವಾಂಜೆಲಿನಾ ವಿಲ್ಲೇಗಾಸ್ ವರ್ಷಾನುಗಟ್ಟಲೆ ದುಡಿದು ಅದೇ ಪೌಷ್ಟಿಕತೆಯನ್ನು ಗಟ್ಟಿಕಾಳಿಗೆ ತಂದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ಗಟ್ಟಿತನವೊಂದೇ ಅಲ್ಲ, ಕಾಳಿನ ಮೇಲುಸಿಪ್ಪೆಯಲ್ಲಿ ಫೆರುಲಿಕ್ ಆಮ್ಲದಂಥ ವಸ್ತುಗಳು ಹೆಚ್ಚಿದ್ದರೂ ಹುಳದ ಹಲ್ಲು ನಾಟುವುದಿಲ್ಲ. ಪರೀಕ್ಷೆ ಸರಳವೇ. ಬೇರೆ ಬೇರೆ ತಳಿಯ ಕಾಳನ್ನು ಗಾಜಿನ ಭರಣಿಗಳಲ್ಲಿ ಹಾಕಿ, ಎಣಿಸಿದ ಹುಳ ಬಿಡುತ್ತಾರೆ, ಕೆಲದಿನದ ಮೇಲೆ ತೆಗೆಯುತ್ತಾರೆ. ಯಾವುದರಲ್ಲಿ ಮರಿಹುಳ ಕಡಿಮೆ, ಹೊರಬರುವುದು ತಡವೋ ಅದು ತಡೆಯುವ ತಳಿ. ಆಫ್ರಿಕಾದ ಕೆನ್ಯಾದಲ್ಲಿ ಈ ಕೆಲಸ ಬಹಳ ನಡೆದಿದೆ. 1970ರ ದಶಕದ ಕೊನೆಗೆ ಆ ಖಂಡಕ್ಕೆ ಮಧ್ಯ ಅಮೆರಿಕದಿಂದ ಒಂದು ದೊಡ್ಡ ಕೊರೆಹುಳ ತಪ್ಪಿ ಬಂದು ಕಣಜಗಳನ್ನು ಹಿಟ್ಟು ಮಾಡಿತ್ತು. ಅದನ್ನು ತಡೆಯುವ ಗುಣ ಸಿಕ್ಕಿದ್ದು ಎಲ್ಲಿ? ಕೆರಿಬಿಯನ್ ದ್ವೀಪಗಳ ರೈತರಿಂದ ಹಿಂದೆಂದೋ ಪಡೆದು ಮೆಕ್ಸಿಕೋದ ಬೀಜಭಂಡಾರದಲ್ಲಿ ಇಟ್ಟಿದ್ದ ಹಳೆಯ ನಾಟಿ ಬೀಜದಲ್ಲಿ.

ಸಹಕಾರಿ ಸಂಘಕ್ಕೂ ನುಸಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸುಗ್ಗಿಯಾದ ವಾರದಲ್ಲೇ ನಮ್ಮ ಸದಸ್ಯರು ಬೆಳಗಾವಿ ಪೇಟೆಗೆ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಎಲ್ಲರೂ ಒಮ್ಮೆಗೇ ತಂದರೆ ದರ ಬೀಳದೆ ಇನ್ನೇನು? ಯಾಕ್ರೀ ಇಷ್ಟು ಅವಸರ ಎಂದರೆ, ಸಾಲ ತೀರಿಸಬೇಕು ಎನ್ನುವುದು ಒಂದು. “ಇಟ್ಟರ ಹುಳಾ ತಿಂತಾವ್ರೀ” ಎನ್ನುವುದು ಎರಡನೆಯದು. ಮೂರು ತಿಂಗಳು ಕಾಯಬಲ್ಲ ಕಾಳು ಕೈಯಲ್ಲಿದ್ದರೆ ದರ ಕೇಳುವ ಧೈರ್ಯ ರೈತನಿಗೆ ಬರುತ್ತದೆ, ಸಂಘಕ್ಕೂ ಕಾಳಿನ ಮೇಲೆ ಅಡವು ಸಾಲ ಕೊಡಲು ಬರುತ್ತದೆ. ಕೆಲವರು ಅಂಗಡಿಯಿಂದ ವಿಷದ ಗುಳಿಗೆ ತಂದು ಮಲಗುವ ಮನೆಯ ಚೀಲಗಳ ನಡುವೆ ಇಡುತ್ತಾರೆ. ಅದರ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ದಯಮಾಡಿ ಹಾಗೆ ಮಾಡಬಾರದು.

ನುಸಿ ಎಂದೂ ಮುಟ್ಟದ ತಳಿ ಇಲ್ಲವೇ ಇಲ್ಲ. ತಡೆಯುವ ತಳಿ ಹುಳವನ್ನು ತಡಮಾಡುತ್ತದೆ, ಕಡಿಮೆ ಮಾಡುತ್ತದೆ ಅಷ್ಟೆ. ಕಾಳನ್ನು ತೇವ ಶೇಕಡಾ 12ಕ್ಕಿಂತ ಹೆಚ್ಚಿರದಂತೆ ಒಣಗಿಸಬೇಕು, ಹೊಸ ಕಾಳನ್ನು ಹಳೆಯ ಚೀಲಕ್ಕೆ ತುಂಬಬಾರದು. ಬೀಜ ಕೊಳ್ಳುವಾಗ ಇಳುವರಿಯ ಜೊತೆಗೆ ಕಾಳು ಗಟ್ಟಿಯೇ, ಸಿಪ್ಪೆ ತುದಿ ಮುಚ್ಚುತ್ತದೆಯೇ ಎಂದೂ ಕೇಳುವುದು ಒಳಿತು.

ಇನ್ನೊಂದು ವಿನಂತಿ. ತಾಲ್ಲೂಕಿನ ಯಾವ ಊರಲ್ಲಾದರೂ ಹಳೆಯ ನಾಟಿ ಗೋವಿನಜೋಳದ ತೆನೆ ಇನ್ನೂ ಗಳದ ಮೇಲೆ ಉಳಿದಿದ್ದರೆ, ನಾಲ್ಕು ತೆನೆ ಸಿಪ್ಪೆ ಸುಲಿಯದೆ ಸಂಘದ ಕಚೇರಿಗೆ ತಂದುಕೊಡಬೇಕು. ಊರು, ಹೊಲದ ಹೆಸರು ಬರೆದು ಅರಭಾವಿಗೆ ಮುಟ್ಟಿಸುವ ಕೆಲಸ ನಮ್ಮದು.