ನಾದಿರಾ: ಒಂದು ಹೆಸರಿನ ಪೂರ್ವೋತ್ತರ

ನಾವು ನೆಲೆಸಿರುವ ಪಾಮರ್ಸ್ಟನ್ ನಾರ್ತ್ ನಗರದ ಹೆಸರಿನಲ್ಲಿಯೇ ಒಂದಿಷ್ಟು ಇತಿಹಾಸವಿದೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾರ್ಡ್ ಪಾಮರ್ಸ್ಟನ್‌ನ ಹೆಸರನ್ನು ಇಟ್ಟರು. ದಕ್ಷಿಣ ದ್ವೀಪದಲ್ಲಿ ಅದೇ ಹೆಸರಿನ ಇನ್ನೊಂದು ಊರು ಇದ್ದುದರಿಂದ ‘ನಾರ್ತ್’ ಸೇರಿಕೊಂಡಿತು. ಊರಿನ ಹೆಸರಿಗೇ ಇಷ್ಟು ಕಥೆಯಿರುವಾಗ ಹೆಣ್ಣುಮಕ್ಕಳ ಹೆಸರುಗಳಿಗೆ ಇಲ್ಲದಿದ್ದೀತೇ? ಕನ್ನಡ ಓದುಗರಿಗೆ ಕಾದಂಬರಿಯೊಂದರಿಂದ ಚಿರಪರಿಚಿತವಾದ ಅರಬ್ಬೀ ಹೆಸರು ‘ನಾದಿರಾ’. ಈ ಸಂಚಿಕೆಯಲ್ಲಿ ಅದರ ಮೂಲವನ್ನು ಅರಸೋಣ.

ಅರಬ್ಬೀ ಶಬ್ದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ನ-ದ-ರ ಎಂಬ ಧಾತುವಿಗೆ ‘ವಿರಳವಾಗಿರು’ ಎಂದರ್ಥ. ಅದರಿಂದ ಬಂದ ‘ನಾದಿರ್’ ಎಂದರೆ ಅಪರೂಪದವನು. 1739ರಲ್ಲಿ ದಿಲ್ಲಿಯನ್ನು ಸೂರೆಗೈದ ನಾದಿರ್ ಷಾನ ಹೆಸರೂ ಇದೇ. ಸ್ತ್ರೀಲಿಂಗ ರೂಪವೇ ನಾದಿರಾ. ನಾಮಪದವಾಗಿ ಬಳಸಿದಾಗ ಅದಕ್ಕೆ ‘ಸ್ವಾರಸ್ಯವಾದ ಪುಟ್ಟ ಕಥೆ’ ಎಂಬ ಅರ್ಥವೂ ಉಂಟು. ನಮ್ಮ ತೆನಾಲಿ ರಾಮನಂತೆ ಅರಬರಲ್ಲಿ ಪ್ರಸಿದ್ಧನಾದ ಜುಹಾನ ಹಾಸ್ಯಪ್ರಸಂಗಗಳನ್ನು ‘ನವಾದಿರ್’ ಎಂದು ಬಹುವಚನದಲ್ಲಿ ಕರೆಯುತ್ತಾರೆ.

ಇಂಗ್ಲಿಷ್ ನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಇಂಗ್ಲಿಷಿನಲ್ಲಿ ‘ನೇಡಿರ್’ ಎಂದರೆ ಅಧೋಬಿಂದು, ಅತ್ಯಂತ ಕೆಳಗಿನ ಸ್ಥಿತಿ. ಕಾಗುಣಿತ ಒಂದೇ ಬಗೆಯಾದ್ದರಿಂದ ಹೆಸರಿನ ಅರ್ಥವೂ ಅದೇ ಎಂದು ಯಾರಾದರೂ ಭಾವಿಸಬಹುದು. ಆದರೆ ಆ ಪದದ ಮೂಲ ‘ನಜೀರ್’, ಅಂದರೆ ಎದುರಿನದು. ಖಗೋಳಶಾಸ್ತ್ರದಲ್ಲಿ ನೆತ್ತಿಯ ನೇರಕ್ಕೆ ವಿರುದ್ಧವಾದ ಬಿಂದು. ಅದರ ಧಾತುವಿಗೆ ‘ನೋಡು’ ಎಂದರ್ಥ. ಕನ್ನಡದ ‘ನದರು’ ಎಂಬ ಮಾತೂ ಆ ಧಾತುವಿನದೇ. ನೇಡಿರ್ ನಮ್ಮ ನದರಿಗೆ ನಂಟು, ನಾದಿರಾಳಿಗಲ್ಲ.

ಈ ಹೆಸರನ್ನು ಕನ್ನಡದ ಮನೆಮನೆಗೆ ತಂದವರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳಂ. ಕಲಿತದ್ದು, ಬರೆದದ್ದು ಕನ್ನಡದಲ್ಲಿ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಅವರ ಮೊದಲ ಕಾದಂಬರಿ. ನಾದಿರಾ ಅದರ ನಾಯಕಿ. ಎಳೆಯ ವಯಸ್ಸಿನಲ್ಲೇ ಮದುವೆಯಾದ ಅವಳನ್ನು, ಅಳಿಯನೊಡನೆ ಮುನಿದ ತಂದೆ ಗಂಡನಿಂದ ಬಿಡಿಸುತ್ತಾನೆ. ಮತ್ತೆ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ವಿವಾಹವಾಗಬೇಕೆಂಬ ಕಟ್ಟಳೆ ಎದುರಾಗುತ್ತದೆ. ಕೊನೆಗೆ ಅವಳ ಬದುಕು ಮಸೀದಿಯ ಕೆರೆಯಲ್ಲಿ ಮುಗಿಯುತ್ತದೆ.

ಅಪರೂಪದವಳೆಂದು ಹೆಸರಿಟ್ಟ ಮನೆಯಲ್ಲಿಯೇ ಅವಳ ಮಾತಿಗೆ ಬೆಲೆಯಿರಲಿಲ್ಲ. ತೀರ್ಮಾನಗಳೆಲ್ಲ ಅವಳದಾದರೂ ಅವನ್ನು ಕೈಗೊಂಡವರು ಬೇರೆಯವರು. ಅಂತಹ ಬಾಳು ಅಂದಿನ ಹೆಣ್ಣುಮಕ್ಕಳಲ್ಲಿ ಅಪರೂಪವೇನೂ ಆಗಿರಲಿಲ್ಲ; ಅದನ್ನು ಒಳಗಿನವರೇ ಕನ್ನಡದಲ್ಲಿ ಬರೆದದ್ದು ಮಾತ್ರ ಅಪರೂಪ. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡರು.

ನಮ್ಮ ಮಕ್ಕಳ ತರಗತಿಯಲ್ಲಿ ನಾದಿರಾ ಎಂಬ ಗೆಳತಿಯಿದ್ದರೆ, ಆ ಹೆಸರನ್ನು ‘ನಾ’ ದೀರ್ಘವಾಗಿ, ‘ದಿ’ ಹಲ್ಲಿಗೆ ತಾಗುವಂತೆ ಉಚ್ಚರಿಸಲು ಕಲಿಸೋಣ. ಕನ್ನಡ ಬಲ್ಲವರಿಗೆ ಅದು ಕಷ್ಟವಲ್ಲ. ದೊಡ್ಡವರು ಕಾದಂಬರಿಯನ್ನೂ ಒಮ್ಮೆ ಓದಲಿ.