ಮಗುವಿಗೆ ಇನ್ನೂ ಮಾತು ಬಂದಿಲ್ವಾ? ಆಟಿಸಂ ತಪಾಸಣೆಗೆ ಎಲ್ಲಿ ಹೋಗಬೇಕು, ಏನು ಕೇಳಬೇಕು

"ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಬರುತ್ತೆ ಬಿಡು." ಮನೆ ಹಿರಿಯರ ಈ ಮಾತು ಕೆಲವು ಸಲ ನಿಜವೂ ಆಗುತ್ತೆ. ನಿಜವಾಗದೇ ಹೋದರೆ ಮಾತ್ರ ಮಗುವಿನ ಎರಡು-ಮೂರು ವರ್ಷ ಸುಮ್ಮನೆ ಕಳೆದುಹೋಗುತ್ತೆ. ಕಲಿಕೆಗೆ ಎಲ್ಲಕ್ಕಿಂತ ಬೆಲೆಬಾಳುವ ವರ್ಷಗಳೇ ಅವು.

ಮಾತು ತಡವಾದ ಮಾತ್ರಕ್ಕೆ ಅದು ಆಟಿಸಂ (ಸ್ವಲೀನತೆ) ಅಲ್ಲ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದೆ ದೊಡ್ಡವರ ಕೈ ಹಿಡಿದು ಎಳೆದೊಯ್ಯುವುದು, ಆಟದ ಕಾರು ಓಡಿಸದೆ ಬರೀ ಚಕ್ರ ತಿರುಗಿಸುತ್ತ ಕೂರುವುದು, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವುದು: ಇಂಥವು ಒಂದಕ್ಕಿಂತ ಹೆಚ್ಚು ಕಂಡರೆ ತೋರಿಸಿ. ಬಂದಿದ್ದ ಮಾತು ನಿಂತುಹೋದರಂತೂ ಕಾಯಲೇಬೇಡಿ.

ಮೊದಲ ಬಾಗಿಲು ಅಂಗನವಾಡಿಯೇ. ಆರ್‌ಬಿಎಸ್‌ಕೆ ಯೋಜನೆಯಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ತಂಡ ಬರೋವರೆಗೆ ಕಾಯಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ, ಜಿಲ್ಲಾಸ್ಪತ್ರೆಯ ಡಿಇಐಸಿಗೆ ಚೀಟಿ ಬರೆಸಿಕೊಳ್ಳಿ. ಮುಂದಿನ ಹಂತಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಆಟಿಸಂ ಪತ್ತೆಗೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಮೊದಲು ಕಿವಿ ಪರೀಕ್ಷೆ, ಯಾಕಂದ್ರೆ ಕೇಳಿಸದ ಮಗುವೂ ಕರೆದರೆ ತಿರುಗಲ್ಲ. ಆಮೇಲೆ ಮಗು ಆಡುವುದನ್ನು ನೋಡುತ್ತಾರೆ, ನಿಮ್ಮನ್ನು ಬಹಳ ಪ್ರಶ್ನೆ ಕೇಳುತ್ತಾರೆ. ನಮ್ಮ ದೇಶದಲ್ಲಿ ಬಳಸುವ 'ಐಸಾ' ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಹೊಸ ಜಾಗದಲ್ಲಿ ಮಗು ಬೇರೆ ಥರ ಇರಬಹುದು, ಹಾಗಾಗಿ ಮನೆಯಲ್ಲಿ ಆಡುವ, ಉಣ್ಣುವ, ಹಟ ಮಾಡುವ ಎರಡು-ಮೂರು ವಿಡಿಯೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ತಾಯಿ ಕಾರ್ಡ್ ಮರೀಬೇಡಿ.

ಬಹಳ ಮನೆಗಳು ಎಡವುವುದು ಇಲ್ಲೇ: ಕೊನೆಯ ವರದಿ ಬರಲಿ, ಆಮೇಲೆ ಥೆರಪಿ ಅಂತ ಕೂರುತ್ತಾರೆ. ಹಾಗೆ ಕಾಯಬೇಡಿ. ತಪಾಸಣೆ ನಡೆಯುತ್ತಿರುವಾಗಲೇ ಸ್ಪೀಚ್ ಥೆರಪಿ ಶುರು ಮಾಡಬಹುದು. ವಾರಕ್ಕೊಂದು ಸಲ ಜಿಲ್ಲಾಕೇಂದ್ರಕ್ಕೆ ಬಸ್ಸು ಹತ್ತುವುದೇ ಕಷ್ಟ ಅನ್ನುವವರು, ಮನೆಯಲ್ಲಿ ದಿನವೂ ಏನು ಮಾಡಿಸಬೇಕು ಅಂತ ಥೆರಪಿಸ್ಟರನ್ನೇ ಕೇಳಿ, ಬರೆಸಿಕೊಂಡು ಬನ್ನಿ.

ಆಟಿಸಂ ಹುಟ್ಟಿನಿಂದಲೇ ಇರುವ ಮೆದುಳಿನ ಬೇರೆ ರೀತಿಯ ಬೆಳವಣಿಗೆ. ಲಸಿಕೆಯಿಂದ ಬರಲ್ಲ, ತಾಯಿ ಕೆಲಸಕ್ಕೆ ಹೋಗಿದ್ದರಿಂದಲೂ ಬರಲ್ಲ. ಪೂರ್ತಿ ವಾಸಿ ಮಾಡ್ತೀವಿ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ, ಅಂಥ ಔಷಧಿ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಹೆಚ್ಚು ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ಸಿಗುತ್ತೆ. ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಶಾಲೆಯವರು ಸೇರಿಸಿಕೊಳ್ಳಲ್ಲ ಅಂದರೆ ಬಿಇಒ ಕಚೇರಿಗೆ ಬರೆದುಕೊಡಿ, ಬಾಯಿಮಾತಲ್ಲಿ ಬಿಡಬೇಡಿ.

ಅಂಗಡಿಯವರಿಗೂ ಒಂದು ಮಾತು. ಅಂಗಡಿಯಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡು ಚೀರಿದರೆ, ನೆಲಕ್ಕೆ ಬಿದ್ದು ಹೊರಳಿದರೆ ಅದು ಹಟವೇ ಆಗಿರಬೇಕಿಲ್ಲ, ಸದ್ದು-ಬೆಳಕು ತಡೆಯಲಾಗದ್ದೂ ಇರಬಹುದು. ಸ್ಪೀಕರ್ ಸ್ವಲ್ಪ ಕಮ್ಮಿ ಮಾಡಿ, ಅವರ ಬಿಲ್ ಮೊದಲು ಹಾಕಿ ಕಳಿಸಿ. "ಮಗೂನ ಸರಿಯಾಗಿ ಬೆಳೆಸಿಲ್ಲ" ಅನ್ನುವ ಮಾತನ್ನು ಆ ತಾಯಿ ಬೆಳಿಗ್ಗೆಯಿಂದ ಇನ್ನೆಲ್ಲೋ ಕೇಳಿಕೊಂಡೇ ಬಂದಿರುತ್ತಾಳೆ.

ಮನಸ್ಸಿಗೆ ತೀರಾ ಭಾರವಾದ ತಂದೆ-ತಾಯಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.