ವಸತಿಗೃಹ ತೆರಿಗೆ (ವಿಜಯಪುರ ನಗರ, ತಿಕೋಟಾ, ಬಬಲೇಶ್ವರ)

ಪರಊರಿನಿಂದ ಬಂದು ಲಾಡ್ಜು, ಹೋಟೆಲುಗಳಲ್ಲಿ ತಂಗುವವರ ಕೋಣೆ ಬಾಡಿಗೆಯ ಮೇಲೆ ಬೀಳುವ ತೆರಿಗೆ. ಅಮೆರಿಕದ ಅನೇಕ ಊರುಗಳಲ್ಲಿ ಇದನ್ನು ಏರಿಸಬೇಕಾದರೆ ಅಲ್ಲಿಯ ಮತದಾರರನ್ನೇ ಕೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ 2020ರ ಮಾರ್ಚ್‌ನಲ್ಲಿ ಅಂಥ ಮತದಾನ ನಡೆಯಿತು. ಸರಳ ಬಹುಮತ ಸಾಕೋ, ಮೂರರಲ್ಲಿ ಎರಡು ಪಾಲು ಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದು, ಏರಿದ ದರ ಜಾರಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ವಿಜಯಪುರದ ಕಥೆ ಬೇರೆ. ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ. ನಗರಸಭೆಗಳಿಗೆ ಯಾವ ತೆರಿಗೆಯ ಅಧಿಕಾರ ಕೊಡಬೇಕೆಂಬುದನ್ನು 243ಎಕ್ಸ್ ವಿಧಿ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಜನಮತದಿಂದ ತೆರಿಗೆ ನಿರ್ಧರಿಸುವ ದಾರಿ ಇಲ್ಲಿ ಇಲ್ಲ. ಹೋಟೆಲ್ ತೆರಿಗೆಯ ನಿರ್ಧಾರ ಊರಿನಿಂದ ಹಂತಹಂತವಾಗಿ ದೂರ ಸರಿದದ್ದೇ ಇಲ್ಲಿಯ ಇತಿಹಾಸ.

1885ರ ಹೊತ್ತಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ (ಇಂದಿನ ವಿಜಯಪುರಕ್ಕೆ) ಬಂದಾಗ ಆದಿಲಶಾಹಿ ಅರಮನೆಗಳು ಕಚೇರಿಗಳಾದವು. ಬಂದ ಸಾಹೇಬರು ತಂಗಲು ಮಸೀದಿಯೊಂದನ್ನೇ ಬಂಗಲೆ ಮಾಡಿಕೊಂಡಿದ್ದರು. ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದ ಕಾಲದಲ್ಲಿ ಅದನ್ನು ತೆರವು ಮಾಡಿಸಲಾಯಿತು. ಉಳಿದವರಿಗೆ ಧರ್ಮಶಾಲೆ, ಮಠ, ಖಾನಾವಳಿಗಳೇ ಗತಿ. ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ 1901ರ ಜಿಲ್ಲಾ ಮುನಿಸಿಪಲ್ ಕಾಯ್ದೆಯಲ್ಲಿ ಘರಪಟ್ಟಿ, ನೀರಿನ ಪಟ್ಟಿ, ದೀಪದ ಪಟ್ಟಿ, ಊರೊಳಗೆ ಬರುವ ಸರಕಿನ ಮೇಲಿನ ಜಕಾತಿಗಳಿಗೆ ಅವಕಾಶವಿತ್ತು. ಹೊಸ ಪಟ್ಟಿ ಹಾಕಬೇಕಾದರೆ ಮುನಿಸಿಪಾಲಿಟಿ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬೇಕು, ನಿಯಮಗಳನ್ನು ಊರಲ್ಲಿ ಪ್ರಕಟಿಸಬೇಕು, ನಿವಾಸಿಗಳ ತಕರಾರು ಕೇಳಬೇಕು, ಕೊನೆಗೆ ಸರ್ಕಾರದ ಮಂಜೂರಾತಿ ಪಡೆಯಬೇಕು. ಈ ಕ್ರಮವನ್ನು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೂ ಉಳಿಸಿಕೊಂಡಿತು. ತೆರಿಗೆ ಕಟ್ಟುವವನ ಮಾತಿಗೆ ಕಾನೂನಿನಲ್ಲಿ ಒಂದು ಜಾಗವಿತ್ತೆಂಬುದಕ್ಕೆ ಆ ತಕರಾರು ಅರ್ಜಿಯೇ ಸಾಕ್ಷಿ. ಅದನ್ನು ಸಣ್ಣದೆಂದು ತಳ್ಳಿಹಾಕುವುದು ತಪ್ಪು.

ತಿರುವು ಬಂದದ್ದು 1979ರಲ್ಲಿ. ಆ ವರ್ಷದ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ಊರ ಬಾಗಿಲಿನ ನಾಕಾಗಳು ಮುಚ್ಚಿದವು, ಅದರ ಬದಲಿಗೆ ಬಂದ ಪ್ರವೇಶ ತೆರಿಗೆ ರಾಜ್ಯದ ಕೈಗೆ ಹೋಯಿತು. ಹೋಟೆಲು ಮತ್ತು ವಸತಿಗೃಹಗಳ ಭೋಗ ತೆರಿಗೆ ಕಾಯ್ದೆ ಬಂದದ್ದೂ ಅದೇ ವರ್ಷ. ವಸೂಲಿ ಮಾಡುತ್ತಿದ್ದುದು ವಾಣಿಜ್ಯ ತೆರಿಗೆ ಇಲಾಖೆ. ಹಣ ರಾಜ್ಯದ ಖಜಾನೆಗೆ ಸೇರುತ್ತಿತ್ತು, ದರ ತೀರ್ಮಾನವಾಗುತ್ತಿದ್ದುದು ಬೆಂಗಳೂರಿನ ಬಜೆಟ್ ಅಧಿವೇಶನದಲ್ಲಿ. ಜಕಾತಿ ಲಾರಿಗಳನ್ನು ನಿಲ್ಲಿಸಿ ಕಾಡುತ್ತಿತ್ತೆಂಬುದು ನಿಜ, ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗದಲ್ಲಿ ಊರಿಗೆ ತನ್ನದೇ ಎನ್ನುವಂಥ ಬೇರೊಂದು ಮೂಲವನ್ನು ಕೊಡಬೇಕಿತ್ತು. ಹೋಟೆಲ್ ತೆರಿಗೆ ಅದಕ್ಕೆ ಒಪ್ಪುವಂಥದ್ದಾಗಿತ್ತು.

ಹೋಟೆಲ್ ಮಾಲೀಕರು ಭೋಗ ತೆರಿಗೆ ಕಾಯ್ದೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. ಗುಜರಾತಿನ ಎಕ್ಸ್‌ಪ್ರೆಸ್ ಹೋಟೆಲ್ಸ್ ಹೆಸರಿನ ಮೊಕದ್ದಮೆಯ ಜೊತೆಗೆ ಕರ್ನಾಟಕ, ತಮಿಳುನಾಡು, ಪಶ್ಚಿಮ ಬಂಗಾಳದ ಕಾಯ್ದೆಗಳೂ ವಿಚಾರಣೆಗೆ ಬಂದವು. ಸಂವಿಧಾನದ ರಾಜ್ಯ ಪಟ್ಟಿಯ 62ನೇ ನಮೂದಿನಡಿ ರಾಜ್ಯಗಳಿಗೆ ಈ ಅಧಿಕಾರ ಇದೆಯೆಂದು 1989ರಲ್ಲಿ ನ್ಯಾಯಪೀಠ ಎತ್ತಿಹಿಡಿಯಿತು. ಕೇಂದ್ರವೂ 1987ರಲ್ಲಿ ವೆಚ್ಚ ತೆರಿಗೆ ತಂದಿತ್ತು. ದಿನಕ್ಕೆ 400 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬಾಡಿಗೆಯ ಹೋಟೆಲುಗಳಿಗೆ ಆಗ ಅದರ ದರ ಶೇ. 10 ಇತ್ತು. ಬಿಜಾಪುರದ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜುಗಳಿಗೆ ಅದು ತಾಗುವ ಮಾತೇ ಇರಲಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದು ಭೋಗ ತೆರಿಗೆಯನ್ನು ನುಂಗಿತು. 101ನೇ ತಿದ್ದುಪಡಿ 62ನೇ ನಮೂದನ್ನು ಹೊಸದಾಗಿ ಬರೆದು, ಪಂಚಾಯಿತಿ ಮತ್ತು ನಗರಸಭೆಗಳು ವಿಧಿಸುವ ಮನರಂಜನಾ ತೆರಿಗೆಯನ್ನು ಮಾತ್ರ ಉಳಿಸಿತು. ಭೋಗವಸ್ತುಗಳ ಮಾತು ಅಲ್ಲಿಂದ ಮಾಯವಾಯಿತು. ಹೀಗಾಗಿ ನಾಟಕಕ್ಕೋ ಮೋಜಿನ ಉದ್ಯಾನಕ್ಕೋ ಊರು ತೆರಿಗೆ ಹಾಕಬಹುದು, ಕೋಣೆ ಬಾಡಿಗೆಗೆ ಹಾಕಲಾಗದು.

ಈಗ ಹೋಟೆಲ್ ತೆರಿಗೆಗೆ ಮತ ಬೀಳುವ ಜಾಗ ಜಿಎಸ್‌ಟಿ ಮಂಡಳಿ ಒಂದೇ. 279ಎ ವಿಧಿಯ ಪ್ರಕಾರ ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದ ಎರಡು ಭಾಗ. ನಿರ್ಣಯಕ್ಕೆ ಮುಕ್ಕಾಲು ಬೆಂಬಲ ಬೇಕು. ಕೇಂದ್ರ ಒಲ್ಲೆನೆಂದರೆ ಎಲ್ಲ ರಾಜ್ಯಗಳು ಕೂಡಿದರೂ ಏನೂ ಆಗದು. ಮಂಡಳಿ ಮೊದಲ ಬಾರಿ ಮತಕ್ಕೆ ಹೋದದ್ದು 2019ರ ಡಿಸೆಂಬರ್‌ನಲ್ಲಿ, ಅದೂ ಲಾಟರಿ ತೆರಿಗೆಯ ಮೇಲೆ. ಹೋಟೆಲ್ ದರಗಳು ಮಾತ್ರ ಪದೇಪದೇ ಬದಲಾದವು. ಆರಂಭದಲ್ಲಿ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ತೆರಿಗೆ ಇರಲಿಲ್ಲ, ದುಬಾರಿ ಕೋಣೆಗೆ ಶೇ. 28 ಇತ್ತು. 2019ರ ಅಕ್ಟೋಬರ್‌ನಲ್ಲಿ ಮೇಲಿನ ದರ ಶೇ. 18ಕ್ಕೆ ಇಳಿಯಿತು. 2022ರ ಜುಲೈ 18ರಂದು ಅಗ್ಗದ ಕೋಣೆಯ ವಿನಾಯಿತಿ ತೆಗೆದು ಶೇ. 12 ಹಾಕಲಾಯಿತು.

ವಿಜಯಪುರಕ್ಕೆ ನಿಜವಾಗಿ ಪೆಟ್ಟು ಕೊಟ್ಟದ್ದು ಈ ಕೊನೆಯ ನಿರ್ಧಾರ. ಇಲ್ಲಿಯ ಲಾಡ್ಜುಗಳಲ್ಲಿ ತಂಗುವವರು ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬಂದವರಷ್ಟೇ ಅಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಂದ ರೈತರಿದ್ದಾರೆ, ಬಿ.ಎಲ್‌.ಡಿ.ಇ., ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ಮಲಗಿದವರ ಮನೆಮಂದಿ ಇದ್ದಾರೆ. ನೋಂದಾಯಿತ ಲಾಡ್ಜಿನ 900 ರೂಪಾಯಿ ಕೋಣೆಗೆ ಇವರು ದಿನಕ್ಕೆ 108 ರೂಪಾಯಿ ಹೆಚ್ಚು ಕೊಡಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ದರ ಶೇ. 5 ಆಗಿದೆ, ಅದೇ ಕೋಣೆಗೆ ಈಗ 45 ರೂಪಾಯಿ. ರೋಗಿಯ ಸಂಬಂಧಿಗೆ ತೆರಿಗೆ ಹಾಕಿದ್ದೇ ಅನ್ಯಾಯ, ದರ ಇಳಿದ ಮಾತ್ರಕ್ಕೆ ಅದು ಪೂರ್ತಿ ಸರಿಹೋಗಿಲ್ಲ.

ಮಹಾನಗರಪಾಲಿಕೆಗೆ ಹೋಟೆಲುಗಳಿಂದ ನೇರವಾಗಿ ಬರುವುದು ಕಟ್ಟಡದ ಆಸ್ತಿ ತೆರಿಗೆ, ಜಾಹೀರಾತು ಮತ್ತು ಪರವಾನಗಿ ಶುಲ್ಕ, ಕಸದ ಕರ. ಗೋಳಗುಮ್ಮಟದ ಟಿಕೆಟ್ ಹಣ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಅದರ ಮುಂದಿನ ರಸ್ತೆ, ಚರಂಡಿ, ಬೀದಿದೀಪ ಪಾಲಿಕೆಯವು. ಆಸ್ತಿ ತೆರಿಗೆಯನ್ನು ಮೊದಲು ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಏರಿಸಬೇಕಿತ್ತು. 2021ರ ಬಳಿಕ ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಿಸಲು ಅವಕಾಶವಾಯಿತು. ಮೂರೋ ಐದೋ ಎಂಬ ಆ ಚರ್ಚೆಯೇ ಹೋಟೆಲ್ ತೆರಿಗೆಯ ಕುರಿತ ಸ್ಥಳೀಯ ಮತಕ್ಕೆ ಇಲ್ಲಿರುವ ಅತ್ಯಂತ ಹತ್ತಿರದ ರೂಪ. ಅದಕ್ಕೂ ಚುನಾಯಿತ ಸಭೆ ಬೇಕು. ಪಾಲಿಕೆಯ 35 ವಾರ್ಡುಗಳಿಗೆ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆದರೂ ಮೇಯರ್ ಆಯ್ಕೆಯಾದದ್ದು 2024ರ ಜನವರಿಯಲ್ಲಿ. ಕೋವಿಡ್ ಕಾಲದಲ್ಲಿ, 2021–22ರ ಸಾಲಿಗೆ, ಹೋಟೆಲುಗಳ ಆಸ್ತಿ ತೆರಿಗೆಯಲ್ಲಿ ಶೇ. 50 ರಿಯಾಯಿತಿ ಕೊಟ್ಟದ್ದೂ ರಾಜ್ಯ ಸರ್ಕಾರವೇ.

ತಿಕೋಟಾ ಅಥಣಿ ದಾರಿಯಲ್ಲಿದೆ, ಬಬಲೇಶ್ವರ ಜಮಖಂಡಿ ಕಡೆಯ ದಾರಿಯಲ್ಲಿ. ಎರಡೂ ಹಳೆಯ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟು ಹೊಸ ತಾಲ್ಲೂಕುಗಳಾದವು. ದ್ರಾಕ್ಷಿ ಬೆಳೆಯುವ ಈ ಸೀಮೆಗೆ ವ್ಯಾಪಾರಿಗಳು ಬಂದುಹೋಗುತ್ತಾರೆ, ಆದರೆ ರಾತ್ರಿ ತಂಗುವುದು ಹೆಚ್ಚಾಗಿ ವಿಜಯಪುರದಲ್ಲೇ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗಳಿಗೆ ಕಟ್ಟಡ ತೆರಿಗೆ, ಸಂತೆ ಶುಲ್ಕ, ಜಾತ್ರೆಗಳಲ್ಲಿ ನೀರು–ನೈರ್ಮಲ್ಯದ ವ್ಯವಸ್ಥೆಗೆ ಶುಲ್ಕ ಪಡೆಯಲು ಅವಕಾಶ ಕೊಟ್ಟಿದೆ. ಬಂದವರ ಖರ್ಚಿಗೆ ಬಂದವರಿಂದಲೇ ಹಣ ಪಡೆಯುವ ತತ್ವ ಹಳ್ಳಿಯ ಜಾತ್ರೆಯ ಮಟ್ಟಿಗೆ ಇನ್ನೂ ಕಾನೂನಿನಲ್ಲಿದೆ. ವಿಜಯಪುರ ನಗರದ ಲಾಡ್ಜುಗಳ ವಿಷಯದಲ್ಲಿ ಆ ಅಧಿಕಾರ ಪಾಲಿಕೆಗೆ ಇಲ್ಲ.